ಗೇರಿನ ಬುಡದಲ್ಲಿ ಸಿಕ್ಕಿದ ಸುಣ್ಣದ ಮೊಟ್ಟೆ

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಹಿಂದಿನ ಗುಡ್ಡೆಯಲ್ಲಿ ಒಣಗಿ ನಿಂತಿದ್ದ ಒಂದು ಗೇರು ಮರ ಕಡಿಸಿದೆವು. ಸೌದೆಗೆಂದು ಬುಡ ಸೀಳುವಾಗ ಕೋಳಿಮೊಟ್ಟೆಗಿಂತ ಸಣ್ಣದಾದ, ತುಸು ಚಪ್ಪಟೆಯಾದ ಬಿಳಿ ಗಟ್ಟಿ ವಸ್ತುವೊಂದು ಸಿಕ್ಕಿತು. ಒಡೆದರೆ ಒಳಗೆ ಜೀವ ಇರುವ ಹುಳು! ರೆಕ್ಕೆ ಕೆಂಪು ಕಂದು, ತಲೆ ಮತ್ತು ಕುತ್ತಿಗೆ ಕಪ್ಪು, ಮೈಗಿಂತ ಉದ್ದದ ಮೀಸೆ. ಒಡೆಯುವಾಗ ಒಂದು ಮೀಸೆ ತುಂಡಾಯಿತು. ಹಿಡಿದರೆ ಕಿರ್ ಕಿರ್ ಎನ್ನುತ್ತದೆ. ಅಪ್ಪ ಇದು ತೆಂಗು ಕೊರೆಯುವ ಕುರುವಾಯಿ ಅಂದರು. ಪಕ್ಕದ ಮನೆಯವರು ಅದು ಉಡದ ಮೊಟ್ಟೆ, ಹುಳು ಆಮೇಲೆ ಹೊಕ್ಕದ್ದು ಅನ್ನುತ್ತಾರೆ. ಮೊಬೈಲಿನ ಆ್ಯಪ್ ಇದು ಯುರೋಪಿನ ಸಂರಕ್ಷಿತ ಜೀವಿ ಅಂತ ತೋರಿಸಿತು. ನಿಜಕ್ಕೂ ಏನಿದು? ಅಪರೂಪದ್ದೇ? ಅಡಿಕೆಗೆ, ತೆಂಗಿಗೆ ತೊಂದರೆ ಉಂಟೇ? ಇದನ್ನು ಯಾರಿಗಾದರೂ ಕಳಿಸಬೇಕೇ? ಮಗಳು ಬಿಟ್ಟುಬಿಡೋಣ ಅನ್ನುತ್ತಾಳೆ. ಅಳತೆಪಟ್ಟಿ ಇಟ್ಟು ತೆಗೆದ ಐದು ಫೋಟೋ ಜತೆಗಿದೆ.

ಉತ್ತರ: ಮೊದಲು ಹೆಸರು ಹೇಳಿಬಿಡುತ್ತೇನೆ. ನಿಮಗೆ ಸಿಕ್ಕಿರುವುದು ಗೇರಿನ ಕಾಂಡ ಮತ್ತು ಬೇರು ಕೊರೆಯುವ ಹುಳು. ಶಾಸ್ತ್ರದ ಹೆಸರು ನಿಯೋಪ್ಲೊಸಿಡೆರಸ್ ಫೆರುಜಿನಿಯಸ್. ಹಳೆಯ ಕೃಷಿ ಕೈಪಿಡಿಗಳಲ್ಲಿ ಬರೀ ಪ್ಲೊಸಿಡೆರಸ್ ಅಂತ ಇರುತ್ತದೆ, ಎರಡೂ ಒಂದೇ. ನಿಮ್ಮದು ಗಂಡು ಹುಳು. ಆ ಬಿಳಿ ವಸ್ತು ಯಾವ ಪ್ರಾಣಿಯ ಮೊಟ್ಟೆಯೂ ಅಲ್ಲ, ಈ ಹುಳುವೇ ಮರಿಯಾಗಿದ್ದಾಗ ಕಟ್ಟಿಕೊಂಡ ಗೂಡು. ಗೇರು ಬೆಳೆಯುವ ಕಡೆ ಈ ಹುಳು ಅಪರೂಪವೇನಲ್ಲ. ಆದರೆ ಗೂಡಿನ ಸಮೇತ, ಜೀವಂತವಾಗಿ, ಯಾವ ಮರದ ಯಾವ ಭಾಗದಿಂದ ಬಂತು ಎಂಬ ಲೆಕ್ಕದೊಂದಿಗೆ ಸಿಗುವುದು ತುಂಬ ಕಡಿಮೆ. ನಿಮ್ಮ ಪತ್ರ ನೋಡಿ ನನಗೆ ಖುಷಿಯಾದದ್ದು ಅದಕ್ಕೇ.

ಈ ಹೆಸರಿಗೆ ಹೇಗೆ ಬಂದೆ ಅಂತ ಹೇಳಬೇಕಲ್ವಾ.

ಕುರುವಾಯಿ ಅಲ್ಲ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕುರುವಾಯಿಗೆ ತಲೆಯ ಮೇಲೆ ಕೊಂಬು ಇರುತ್ತದೆ, ಮೀಸೆ ಗಿಡ್ಡ, ಮೀಸೆಯ ತುದಿ ಸಣ್ಣ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಅದರ ಮರಿ ಬೆಳೆಯುವುದು ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ಕಾಂಡದಲ್ಲಿ. ನಿಮ್ಮ ಹುಳುವಿನ ಮೀಸೆ ದಾರದ ಹಾಗೆ ಉದ್ದ. ತುಂಡಾಗದೆ ಉಳಿದ ಮೀಸೆಯಲ್ಲಿ ಗಂಟುಗಳನ್ನು ಎಣಿಸಿದೆ, ಹನ್ನೊಂದು ಇದೆ. ಮೀಸೆಯ ಬುಡವನ್ನು ಕಣ್ಣು ಅರ್ಧಚಂದ್ರದ ಹಾಗೆ ಸುತ್ತಿಕೊಂಡಿದೆ. ಇವೆಲ್ಲ ಉದ್ದಮೀಸೆಯ ದುಂಬಿಗಳ ಲಕ್ಷಣ. ಆ ಕುಟುಂಬಕ್ಕೆ ಸೆರಾಂಬಿಸಿಡೆ ಎಂದು ಹೆಸರು. ಪ್ರಪಂಚದಲ್ಲಿ ಇದುವರೆಗೆ ಹೆಸರಿಟ್ಟವೇ 35,000ಕ್ಕಿಂತ ಹೆಚ್ಚು ಜಾತಿಗಳಿವೆ. ಆದ್ದರಿಂದ ಇಲ್ಲಿಂದ ಮುಂದೆ ಸ್ವಲ್ಪ ನಿಧಾನಕ್ಕೆ ಹೋಗಬೇಕು.

ಪಕ್ಕದಿಂದ ತೆಗೆದ ನಿಮ್ಮ ಮೂರನೇ ಫೋಟೋ ಬಹಳ ಉಪಕಾರಕ್ಕೆ ಬಂತು. ಸಾಮಾನ್ಯವಾಗಿ ಎಲ್ಲರೂ ಬೆನ್ನಿನ ಫೋಟೋ ಮಾತ್ರ ಕಳಿಸುತ್ತಾರೆ. ಈ ದುಂಬಿಗಳಲ್ಲಿ ಮುಖದ ಇಳಿಜಾರು ನೋಡಬೇಕು. ಒಂದು ದೊಡ್ಡ ಗುಂಪಿನಲ್ಲಿ ಮುಖ ಗೋಡೆಯ ಹಾಗೆ ನೇರ ಕೆಳಗಿಳಿಯುತ್ತದೆ. ಇನ್ನೊಂದರಲ್ಲಿ ಮಾಡಿನ ಹಾಗೆ ಓರೆಯಾಗಿ ಮುಂದಕ್ಕೆ ಚಾಚುತ್ತದೆ. ನಿಮ್ಮದು ಓರೆ. ಬಾಯಿಯ ಕೆಳಗೆ ಪುಟ್ಟ ಕೈಗಳಂಥವು ಕಾಣುತ್ತವೆ ನೋಡಿ, ಅವುಗಳ ತುದಿ ಮೊಂಡು. ನೇರ ಮುಖದ ಗುಂಪಿನಲ್ಲಿ ಅವು ಚೂಪಾಗಿರುತ್ತವೆ. ಕುತ್ತಿಗೆಯ ಭಾಗದಲ್ಲಿ ಖರ್ಜೂರದ ಸಿಪ್ಪೆಯ ಹಾಗೆ ಸುಕ್ಕು, ಎರಡೂ ಬದಿಗೆ ಒಂದೊಂದು ಮುಳ್ಳು. ಇಷ್ಟು ಸೇರಿದರೆ ನಾವು ಸರಿಯಾದ ಮನೆಯ ಅಂಗಳಕ್ಕೆ ಬಂದಿದ್ದೇವೆ.

ಆ್ಯಪ್ ತೋರಿಸಿದ ಹೆಸರು ಸೆರಾಂಬಿಕ್ಸ್ ಸೆರ್ಡೊ. ಅದು ಯುರೋಪಿನಲ್ಲಿ ಹಳೆಯ ಓಕ್ ಮರಗಳಲ್ಲಿ ಬದುಕುವ ದುಂಬಿ. ಅಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇರುವುದು ನಿಜ. ನಿಮ್ಮ ಹುಳು ಅದರ ದೂರದ ನೆಂಟ, ಮೈಕಟ್ಟು ಒಂದೇ ತರ, ಸುಕ್ಕುಗಟ್ಟಿದ ಕುತ್ತಿಗೆಯೂ ಹಾಗೇ. ಆದ್ದರಿಂದ ಆ್ಯಪ್ ಹೇಳಿದ್ದು ಪೂರ್ತಿ ದಾರಿ ತಪ್ಪಿದ ಉತ್ತರವೇನಲ್ಲ. ಆದರೆ ಫೋಟೋ ನೋಡುವ ಆ್ಯಪ್‌ಗೆ ಹುಳು ಗೇರಿನ ಬುಡದಿಂದ ಬಂತು ಅನ್ನುವುದು ಗೊತ್ತಿರುವುದಿಲ್ಲ. ನಿಮಗೆ ಗೊತ್ತಿದೆ. ನಿಮ್ಮ ಎಣ್ಮಕಜೆ ಪಂಚಾಯತಿನ ಗುಡ್ಡೆಯಲ್ಲಿ ಓಕ್ ಮರದ ಹುಳು ಯಾಕೆ ಬರುತ್ತದೆ ಎಂದು ಕೇಳಿಕೊಂಡರೆ ಆ ಹೆಸರು ತಾನಾಗಿ ಬಿದ್ದುಹೋಗುತ್ತದೆ.

ಮರದ ಹೆಸರು ಗೊತ್ತಿದ್ದರೆ ಕೆಲಸ ಎಷ್ಟು ಸುಲಭ ನೋಡಿ. ಗೇರಿನ ಬುಡವನ್ನು ಕೊರೆಯುವ ಉದ್ದಮೀಸೆಯ ದುಂಬಿಗಳೆಂದು ನಮ್ಮಲ್ಲಿ ಮುಖ್ಯವಾಗಿ ಹೇಳುವುದು ಮೂರನ್ನು. ಒಂದು ಫೆರುಜಿನಿಯಸ್. ಇನ್ನೊಂದು ಅದರ ತಮ್ಮನಂಥ ನಿಯೋಪ್ಲೊಸಿಡೆರಸ್ ಒಬೇಸಸ್. ಮೂರನೆಯದು ಬಟೋಸೆರಾ ರೂಫೋಮ್ಯಾಕುಲೇಟಾ, ಮಾವಿನ ಕಾಂಡ ಕೊರೆಯುವ ದೊಡ್ಡ ಬೂದು ಹುಳು. ಬಟೋಸೆರಾದ ಕುತ್ತಿಗೆಯ ಮೇಲೆ ಎರಡು ಕಿತ್ತಳೆಗೆಂಪು ಮಚ್ಚೆ ಇರುತ್ತವೆ, ರೆಕ್ಕೆಯ ಮೇಲೂ ಚುಕ್ಕೆಗಳು, ಮುಖ ನೇರ. ಅದೂ ಅಲ್ಲದೆ ಅದು ಇಂಥ ಸುಣ್ಣದ ಗೂಡು ಕಟ್ಟುವುದಿಲ್ಲ. ಹಾಗಾಗಿ ಅದು ಹೊರಗೆ.

ಉಳಿದದ್ದು ಅಣ್ಣತಮ್ಮಂದಿರ ಜಗಳ. ಒಬೇಸಸ್‌ನ ರೆಕ್ಕೆಯ ಮೇಲೆ ನವಿರಾದ ಕೂದಲು ಒತ್ತಾಗಿ ಹರಡಿರುತ್ತದೆ, ಬೆಳಕಿಗೆ ಹಿಡಿದರೆ ಮಂಕು ರೇಷ್ಮೆಯ ಹಾಗೆ ಕಾಣುತ್ತದೆ. ಫೆರುಜಿನಿಯಸ್‌ನ ರೆಕ್ಕೆ ಬೋಳು, ಎಣ್ಣೆ ಒರೆಸಿದ ಮರದ ಹಾಗೆ ಹೊಳೆಯುತ್ತದೆ. ಅದರ ತಲೆ ಮತ್ತು ಕುತ್ತಿಗೆ ಹೆಚ್ಚುಕಡಿಮೆ ಕಪ್ಪು, ರೆಕ್ಕೆ ಕೆಂಪು ಕಂದು. ಲ್ಯಾಟಿನ್‌ನಲ್ಲಿ ಫೆರುಜಿನಿಯಸ್ ಅಂದರೆ ಕಬ್ಬಿಣದ ತುಕ್ಕಿನ ಬಣ್ಣದ್ದು ಎಂದೇ ಅರ್ಥ.

ಇಲ್ಲಿ ನಾನು ಹಿಂದೆ ಒಮ್ಮೆ ತಪ್ಪು ಮಾಡಿದ್ದೇನೆ. ಕಲಿಯುವ ದಿನಗಳಲ್ಲಿ ಯಾರೋ ಬೆಂಕಿಪೊಟ್ಟಣದಲ್ಲಿ ಒಂದು ದುಂಬಿ ತಂದುಕೊಟ್ಟರು. ಬೋಳಾಗಿ ಹೊಳೆಯುತ್ತಿತ್ತು. ಫೆರುಜಿನಿಯಸ್ ಎಂದು ಬರೆದೆ. ನನಗೆ ಕಲಿಸುತ್ತಿದ್ದವರು ಅದನ್ನು ಲೆನ್ಸಿನ ಕೆಳಗೆ ಮಗುಚಿಟ್ಟು ನೋಡಲು ಹೇಳಿದರು. ಹೊಟ್ಟೆಯ ಅಡಿ, ಕಾಲಿನ ಸಂದುಗಳಲ್ಲಿ ಒತ್ತಾದ ಕೂದಲು. ಪೊಟ್ಟಣದಲ್ಲಿ ವಾರಗಟ್ಟಲೆ ಅಲುಗಿ ಬೆನ್ನಿನ ಕೂದಲೆಲ್ಲ ಉಜ್ಜಿಹೋಗಿತ್ತು, ಅದು ಒಬೇಸಸ್. ಯಾವ ಮರದಿಂದ, ಯಾವ ದಿನ ಎಂದು ಕೇಳಿದರೆ ತಂದವರಿಗೂ ನೆನಪಿರಲಿಲ್ಲ. ಆ ದುಂಬಿಯಿಂದ ಯಾರಿಗೂ ಏನೂ ತಿಳಿಯಲಿಲ್ಲ.

ನಿಮ್ಮ ಹುಳುವಿನ ವಿಷಯದಲ್ಲಿ ಆ ಸಂಶಯ ಇಲ್ಲ, ಯಾಕೆಂದರೆ ಅದು ಗೂಡಿನಿಂದ ನೇರ ಹೊರಗೆ ಬಂದದ್ದು. ಮರದೊಳಗಿಂದ ನುಸುಳಿಲ್ಲ, ತೊಗಟೆಗೆ ಮೈ ಉಜ್ಜಿಲ್ಲ, ಹೆಣ್ಣಿನ ಹಿಂದೆ ಅಲೆದಿಲ್ಲ. ಕೂದಲು ಇದ್ದಿದ್ದರೆ ಪೂರ್ತಿ ಇರಬೇಕಿತ್ತು. ನಾಲ್ಕನೇ ಫೋಟೋದಲ್ಲಿ ರೆಕ್ಕೆಯ ಬುಡ, ಎರಡು ರೆಕ್ಕೆ ಕೂಡುವ ಗೆರೆ, ಎಲ್ಲ ಬೋಳು. ಹೊಸದಾಗಿ ಪೊರೆ ಬಿಟ್ಟ ದುಂಬಿ ಒಂದೆರಡು ದಿನ ಪೇಲವವಾಗಿ, ಮೆತ್ತಗೆ ಇರುತ್ತದೆ. ಆಗ ಬಣ್ಣ ನಂಬುವ ಹಾಗಿಲ್ಲ. ನಿಮ್ಮದು ತಲೆ ಕಪ್ಪಾಗಿ ಗಟ್ಟಿಯಾಗಿದೆ, ಗೂಡಿನಲ್ಲೇ ಕೆಲವು ಕಾಲ ಕೂತಿತ್ತು ಅಂತ ಲೆಕ್ಕ. ಹೊರಬರಲು ಬೇಸಗೆಗೆ ಕಾಯುತ್ತಿತ್ತು. ಮೀಸೆ ಮೈಯನ್ನು ಚೆನ್ನಾಗಿ ದಾಟಿ ಹೋಗಿರುವುದರಿಂದ ಗಂಡು. ಹೆಣ್ಣಿನ ಮೀಸೆ ಅಷ್ಟು ಉದ್ದ ಇರುವುದಿಲ್ಲ.

ಈಗ ಗೂಡು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಮರಿಹುಳು ತೊಗಟೆಯ ಕೆಳಗಿನ ಮೆತ್ತನೆ ಭಾಗವನ್ನು ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ತಿಂದು ಬೆರಳುದ್ದ ಬೆಳೆಯುತ್ತದೆ. ಬಿಳಿ ಕೆನೆಯ ಬಣ್ಣ, ಕಾಲು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ, ತಲೆಯ ಕಡೆ ಅಗಲ. ತಿಂದು ಮುಗಿದ ಮೇಲೆ ಗಟ್ಟಿ ಮರದ ಒಳಕ್ಕೆ ಅಥವಾ ಬೇರಿನೊಳಕ್ಕೆ ತಿರುಗಿ ಒಂದು ಕೋಣೆ ಕೊರೆಯುತ್ತದೆ. ಆಮೇಲೆ ಮೈಯೊಳಗೆ ಕೂಡಿಟ್ಟ ಸುಣ್ಣದ ಅಂಶವನ್ನು ಬಾಯಿಯಿಂದ ತಂದು ಗೋಡೆಗೆ ಬಳಿಯುತ್ತದೆ. ಒಣಗಿದಾಗ ಅದು ಮೊಟ್ಟೆಯ ಚಿಪ್ಪಿನಂತೆ ಆಗುತ್ತದೆ, ಚಿಪ್ಪಿಗಿಂತ ದಪ್ಪ. ಅದರೊಳಗೆ ಮರಿ ಪೊರೆ ಬಿಟ್ಟು ಕೋಶವಾಗಿ, ಕೋಶ ದುಂಬಿಯಾಗುತ್ತದೆ. ಹೊರಬರುವಾಗ ದವಡೆಯಿಂದ ಒಂದು ತುದಿಯನ್ನು ಕಡಿದು ದಾರಿ ಮಾಡಿಕೊಳ್ಳುತ್ತದೆ. ಒಂದು ಹುಳು ಬರೀ ಮರ ತಿಂದು ಇಷ್ಟು ಸುಣ್ಣ ಕೂಡಿಸುತ್ತದಲ್ಲ, ಎಷ್ಟು ಗೂಡು ನೋಡಿದರೂ ನನಗೆ ಅದು ಬೆರಗೇ.

ಪರೀಕ್ಷೆ ಮಾಡಬೇಕೆಂದರೆ ಗೂಡಿನ ಒಡೆದ ಚೂರಿನ ಮೇಲೆ ಒಂದು ಹನಿ ಲಿಂಬೆರಸ ಅಥವಾ ವಿನೆಗರ್ ಬಿಡಿ. ಸಣ್ಣ ಗುಳ್ಳೆ ಏಳುತ್ತದೆ. ಸುಣ್ಣ ಅನ್ನುವುದಕ್ಕೆ ಅದು ಸಾಕ್ಷಿ. ನಿಮ್ಮ ನೆರೆಯವರ ಮಾತಿಗೂ ಒಂದು ಉತ್ತರ ಕೊಡಬೇಕು. ಉಡದ ಮೊಟ್ಟೆಯ ಸಿಪ್ಪೆ ಚರ್ಮದ ಹಾಗೆ ಬಾಗುತ್ತದೆ, ಹೀಗೆ ಚೂರುಚೂರಾಗುವುದಿಲ್ಲ. ಮನೆಯ ಹಲ್ಲಿಯ ಮೊಟ್ಟೆ ಗಟ್ಟಿ, ಅದರ ಚಿಪ್ಪಿನಲ್ಲೂ ಸುಣ್ಣವೇ ಇರುವುದು, ಆದರೆ ಅದು ಹೆಚ್ಚೆಂದರೆ ಕಡಲೆಕಾಳಿನ ಗಾತ್ರ. ಇನ್ನೂ ಖಚಿತ ಬೇಕಿದ್ದರೆ ಗೂಡಿನ ಒಳಗೆ ಒಂದು ಮೂಲೆಯಲ್ಲಿ ನೋಡಿ. ತಿರುಚಿದ ಒಣ ಸಿಪ್ಪೆಯಂಥ ಮುದ್ದೆ ಇರಬೇಕು, ಅದಕ್ಕೆ ಕಂದು ಬಣ್ಣದ ಪುಟ್ಟ ತಲೆಬುರುಡೆ ಅಂಟಿರುತ್ತದೆ. ಅದು ಮರಿ ಬಿಟ್ಟ ಕೊನೆಯ ಪೊರೆ. ಹುಳು ಹೊರಗಿಂದ ಹೊಕ್ಕದ್ದಾದರೆ ಅದು ಅಲ್ಲಿ ಇರಲು ಸಾಧ್ಯವೇ ಇಲ್ಲ. ದಯವಿಟ್ಟು ಅದನ್ನು ಊದಿ ಬಿಸಾಡಬೇಡಿ.

ಕಿರ್ ಕಿರ್ ಸದ್ದು ಬಾಯಿಯದ್ದಲ್ಲ. ಕುತ್ತಿಗೆಯ ಗಟ್ಟಿ ಭಾಗದ ಅಂಚನ್ನು ಹಿಂದಿನ ಗೀರುಗಳ ಮೇಲೆ ಉಜ್ಜಿ ಮಾಡುವ ಸದ್ದು. ತಲೆ ಮೇಲೆ ಕೆಳಗೆ ಆಡಿಸುವಾಗಲೇ ಕೇಳುತ್ತದೆ, ಗಮನಿಸಿ. ಹೆದರಿದಾಗ ಹಾಗೆ ಮಾಡುತ್ತದೆ. ವಿಷ ಇಲ್ಲ, ಆದರೆ ದವಡೆ ಗಟ್ಟಿ, ಬೆರಳು ಕೊಡಬೇಡಿ.

ಈ ಹುಳುವಿಗೆ ಮೊದಲು ಹೆಸರಿಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್, 1758ರಲ್ಲಿ. ಆಗ ಸೆರಾಂಬಿಕ್ಸ್ ಎಂಬ ಗುಂಪಿನಲ್ಲೇ ಇಟ್ಟಿದ್ದ. ಆ್ಯಪ್ ಹೇಳಿದ್ದೂ ಅದೇ ಗುಂಪು ಅಲ್ವಾ. ನಮ್ಮ ದೇಶದ ಉದ್ದಮೀಸೆಯ ದುಂಬಿಗಳನ್ನು ಒಟ್ಟಿಗೆ ವಿವರಿಸಿದ ಗಾಹನ್ ಅವರ ಸಂಪುಟ ಬಂದದ್ದು 1906ರಲ್ಲಿ. ಇವತ್ತಿಗೂ ಗುರುತಿಸುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ನಿಯೋಪ್ಲೊಸಿಡೆರಸ್ ಎಂಬ ಈಗಿನ ಹೆಸರು ಇಟಲಿಯ ಸಾಮಾ ಎಂಬವರು 1991ರಲ್ಲಿ ಕೊಟ್ಟದ್ದು. ಹುಳು ಏಷ್ಯಾದ್ದೇ, ಆದರೆ ಗೇರು ನಮ್ಮದಲ್ಲ. ಬ್ರೆಜಿಲ್‌ನಿಂದ ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ತಂದ ಮರ. ನಿಮ್ಮೂರಿನ ಮಲೆಯಾಳಿ ನೆರೆಯವರು ಪರಂಗಿಮಾವು ಅನ್ನುತ್ತಾರಲ್ಲ, ಆ ಮಾತಿನಲ್ಲೇ ಈ ಕತೆ ಇದೆ. ಪರದೇಶದಿಂದ ಬಂದ ಮಾವಿನ ನೆಂಟ ಊರಿನ ಹುಳುವಿಗೆ ರುಚಿಸಿತು. ಗುಡ್ಡೆ ತುಂಬ ಅದೇ ಮರ ನೆಟ್ಟ ಮೇಲೆ ಹುಳುವಿಗೆ ಊಟಕ್ಕೇನು ಕೊರತೆ.

ಅಡಿಕೆ, ತೆಂಗಿನ ಚಿಂತೆ ಬಿಡಿ. ಇದು ಆ ಮರಗಳಿಗೆ ಹೋಗುವುದಿಲ್ಲ. ಚಿಂತೆ ಮಾಡಬೇಕಾದ್ದು ಗುಡ್ಡೆಯಲ್ಲಿ ಉಳಿದಿರುವ ಗೇರು ಮರಗಳದ್ದು.

ನಿಮ್ಮ ಮರ ಸತ್ತದ್ದು ಇದೇ ಹುಳುವಿನ ಸಂತತಿಯಿಂದ. ಹೆಣ್ಣು ಅಕ್ಕಿಕಾಳಿನಂಥ ಮೊಟ್ಟೆಗಳನ್ನು ಬುಡದಿಂದ ಸುಮಾರು ಒಂದು ಮೀಟರ್ ಎತ್ತರದೊಳಗೆ ತೊಗಟೆಯ ಬಿರುಕುಗಳಲ್ಲಿ, ಮಣ್ಣಿನಿಂದ ಮೇಲೆ ಕಾಣುವ ಬೇರುಗಳ ಮೇಲೆ ಇಡುತ್ತದೆ. ಬೇಸಗೆಯಲ್ಲಿ ಜಾಸ್ತಿ. ಮರಿಗಳು ತೊಗಟೆಯಡಿ ಸುರಂಗ ಮಾಡುತ್ತಾ ಮರದ ಸುತ್ತ ಹೋದರೆ, ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿ ಕಡಿದುಹೋಗುತ್ತದೆ. ಆಮೇಲೆ ಎಲೆ ಹಳದಿಯಾಗಿ ಉದುರುತ್ತದೆ, ಗೆಲ್ಲು ಒಣಗುತ್ತದೆ. ಎಲೆ ಹಳದಿಯಾದಾಗ ನೋಡಿದರೆ ತಡವಾಯಿತು ಅಂತಲೇ ಅರ್ಥ.

ಹಾಗಾಗಿ ಮೇಲೆ ನೋಡಬೇಡಿ, ಕುಕ್ಕರುಗಾಲಲ್ಲಿ ಕೂತು ಬುಡ ನೋಡಿ. ಬುಡದ ತರಗೆಲೆ ಕೈಯಿಂದ ಸರಿಸಿ. ಸಣ್ಣ ತೂತು, ಅಲ್ಲಿಂದ ಒಸರುವ ಅಂಟು, ಮರದ ಪುಡಿ ಕಂಡರೆ ಹುಳು ಒಳಗಿದೆ. ಉಳಿಯಿಂದ ತೊಗಟೆಯನ್ನು ಸುರಂಗದ ದಾರಿಯಲ್ಲಿ ಮಾತ್ರ ಎಬ್ಬಿಸುತ್ತಾ ಹೋಗಿ ಮರಿಯನ್ನು ತೆಗೆಯಬೇಕು, ಆಳಕ್ಕೆ ಹೋಗಿದ್ದರೆ ತುದಿ ಬಾಗಿಸಿದ ತಂತಿ ಬೇಕಾಗುತ್ತದೆ. ಒಳ್ಳೆಯ ತೊಗಟೆ ಕೆತ್ತಬೇಡಿ, ಹುಳು ಮಾಡುವ ಕೆಲಸವನ್ನು ನಾವೇ ಮಾಡಿದ ಹಾಗಾಗುತ್ತದೆ. ಆಮೇಲೆ ಒಂದು ಲೀಟರ್ ನೀರಿಗೆ 50 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ಬುಡಕ್ಕೂ ಕಾಣುವ ಬೇರಿಗೂ ಚೆನ್ನಾಗಿ ಬಳಿಯಿರಿ. ಮೇಲೆ ಬಂದ ಬೇರಿಗೆ ಮಣ್ಣು ಹಾಕಿ. ಬುಡದ ಸುತ್ತಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ತೊಗಟೆ ಹೋಗಿದ್ದರೆ ಆ ಮರ ಉಳಿಯುವುದಿಲ್ಲ. ಕಷ್ಟವಾದರೂ ಬೇರು ಸಮೇತ ತೆಗೆಸಿ. ಕಡಿದ ಬುಡವನ್ನು ಗುಡ್ಡೆಯಲ್ಲೇ ರಾಶಿ ಹಾಕಬೇಡಿ, ಒಳಗಿರುವ ಮರಿ ಅಲ್ಲೇ ಬೆಳೆದು ಹೊರಬರುತ್ತದೆ. ನೀವು ಸೀಳದೆ ಉಳಿಸಿದ ತುಂಡು ಇದ್ದರೆ ಈ ವಾರವೇ ಸೀಳಿಸಿ. ಇನ್ನೂ ಗೂಡುಗಳು ಇರುವುದು ಖಂಡಿತಾ ಸಾಧ್ಯ.

ವಿಷ ಸಿಂಪಡಿಸಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು ಅನಿಸುತ್ತದೆ. ನಿಮ್ಮ ಊರಿನ ಸುತ್ತ ಗೇರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆಂದು 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಅದರ ನೋವು ಪಡ್ರೆ, ಸ್ವರ್ಗ ಎಂಬ ಊರುಗಳಲ್ಲಿ ಇವತ್ತಿಗೂ ಮನೆಮನೆಯಲ್ಲಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಈ ಕೊರಕ ಹುಳು ಇರುವುದು ತೊಗಟೆಯ ಅಡಿ. ಮೇಲಿಂದ ಏನು ಸಿಂಪಡಿಸಿದರೂ ಅದಕ್ಕೆ ತಾಗುವುದಿಲ್ಲ, ತಾಗುವುದು ನಿಮ್ಮ ಬಾವಿಗೆ, ಜೇನಿಗೆ, ಮಕ್ಕಳಿಗೆ. ಉಳಿ ಹಿಡಿದು ಕೂರುವುದು ನಿಧಾನದ ಕೆಲಸ, ಆದರೆ ಕೆಲಸ ಆಗುವುದು ಅದರಿಂದಲೇ. ಗುಡ್ಡೆಯಲ್ಲಿ ಹಲವು ಮರಗಳಿಗೆ ತಗುಲಿದ್ದು ಕಂಡರೆ ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಇದೆ, ಪೆರ್ಲದಿಂದ ದೂರವೇನಿಲ್ಲ. ಒಂದು ಮರಿಹುಳು, ಒಂದು ತುಂಡು ತೊಗಟೆ ಹಿಡಿದುಕೊಂಡೇ ಹೋಗಿ. ನಿಮ್ಮ ದುಂಬಿಯನ್ನೂ ಅಲ್ಲಿ ತೋರಿಸಬಹುದು. ಅಂಚೆಯಲ್ಲಿ ಕಳಿಸುವುದು ಬೇಡ, ಉಳಿದ ಮೀಸೆಯೂ ಮುರಿಯುತ್ತದೆ.

ಇನ್ನು ಮಗಳ ಮಾತು. ಗಂಡು ಹುಳು ಮೊಟ್ಟೆ ಇಡುವುದಿಲ್ಲ ನಿಜ, ಆದರೆ ಗೇರಿನ ಗುಡ್ಡೆಗೆ ಬಿಡುವುದು ಬೇಡ. ಕೊಲ್ಲಲೂ ಬೇಡ. ದುಂಬಿಯಾದ ಮೇಲೆ ಅದರ ಆಯುಷ್ಯ ಕೆಲವೇ ವಾರ. ಅದನ್ನು ಅಗಲವಾದ ಡಬ್ಬಿಗೆ ಹಾಕಿ, ಮುಚ್ಚಳದಲ್ಲಿ ಗಾಳಿಗೆ ತೂತು ಮಾಡಿ, ಒಳಗೆ ಮಡಚಿದ ಕಾಗದ, ಒಂದು ತುಂಡು ತೊಗಟೆ ಇಡಿ. ಜೇನು ಬೆರೆಸಿದ ನೀರಲ್ಲಿ ಅದ್ದಿದ ಹತ್ತಿ ಸಾಕು, ದಿನಾ ಬದಲಿಸಬೇಕು. ಇದು ಹಗಲು ಸುಮ್ನೆ ಕೂತಿರುತ್ತದೆ, ರಾತ್ರಿ ಓಡಾಡುತ್ತದೆ. ಮಗಳು ಮೀಸೆಯ ಗಂಟು ಎಣಿಸಲಿ, ಚಿತ್ರ ಬರೆಯಲಿ.

ಸತ್ತ ದಿನವೇ ತೆಗೆಯಿರಿ, ಇರುವೆ ಬರುವ ಮೊದಲು. ಸೂಜಿಯನ್ನು ಬಲ ರೆಕ್ಕೆಯ ಮುಂಭಾಗಕ್ಕೆ ಚುಚ್ಚುವುದು ಕ್ರಮ, ನಡುವೆ ಅಲ್ಲ. ಸಾದಾ ಗುಂಡುಸೂಜಿ ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ಸ್ಟೀಲ್‌ನದ್ದು ಸಿಗದಿದ್ದರೆ ಚುಚ್ಚದೆ ಟಿಶ್ಯೂ ಕಾಗದದ ಪದರದಲ್ಲಿ ಮಲಗಿಸಿ. ಹತ್ತಿ ಬೇಡ, ಅದರ ಎಳೆಗೆ ಕಾಲು ಸಿಕ್ಕಿ ಮುರಿಯುತ್ತದೆ. ಜತೆಗೆ ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣ ಇಡಿ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಸಿಗುತ್ತದಲ್ಲ, ಅದೇ ಆಗುತ್ತದೆ. ತುಂಡಾದ ಮೀಸೆಯನ್ನು ಅಂಟಿಸಲು ಹೋಗಬೇಡಿ, ಬೇರೆ ಕಾಗದದಲ್ಲಿ ಸುತ್ತಿ ಅದೇ ಡಬ್ಬಿಯಲ್ಲಿಡಿ. ಗೂಡಿನ ಚೂರು, ಒಳಗಿನ ಪೊರೆ ಕೂಡ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಊರು, ಪಂಚಾಯತು, ತಾರೀಖು, ತಂದವರ ಹೆಸರು. ಅದರ ಕೆಳಗೆ: ಒಣಗಿದ ಗೇರು ಮರದ ಬುಡ, ಸುಣ್ಣದ ಗೂಡಿನೊಳಗೆ, ಜೀವಂತ. ಗೂಡು ಸಿಕ್ಕಿದ್ದು ನೆಲದಿಂದ ಮೇಲೋ ಕೆಳಗೋ, ಎಷ್ಟು ಅಂಗುಲ ಅನ್ನುವುದು ಮರ ಸೀಳಿದವರಿಗೆ ನೆನಪಿರಬಹುದು. ಇವತ್ತೇ ಕೇಳಿ ಬರೆದಿಡಿ.